ಡ್ಯಾಶ್‌ಬೋರ್ಡ್ ಹಿಂದೆ ನೀರಿನ ಸದ್ದು: ಕೂಲೆಂಟಿನದೋ, ಎ.ಸಿ.ಯದೋ?

ಭಾನುವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುತ್ತೀರಿ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಳುಗುಳು ಎಂದು ನೀರು ಹರಿದ ಸದ್ದು. ನಾಲ್ಕಾರು ಕ್ಷಣ ಕೇಳಿಸಿ ನಿಂತುಹೋಗುತ್ತದೆ. ಟೆಂಪರೇಚರ್ ಮುಳ್ಳು ಇರಬೇಕಾದಲ್ಲೇ ಇದೆ, ಎ.ಸಿ. ತಣ್ಣಗೆ ಬರುತ್ತಿದೆ. ಇನ್ನೇನು ಚಿಂತೆ ಎಂದು ಗಾಡಿ ಹೊರಡಿಸಿಬಿಡುತ್ತೀರಿ.

ಕೆ.ಜಿ.ಎಫ್., ಬಂಗಾರಪೇಟೆಯ ಕಡೆ ಈ ದೂರು ಹೆಚ್ಚಾಗಿರುವುದಕ್ಕೆ ಕಾರಣಗಳಿವೆ. ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು ಮಾರಿಕುಪ್ಪಂನಿಂದಲೋ ಬಂಗಾರಪೇಟೆಯಿಂದಲೋ ರೈಲು ಹತ್ತುತ್ತಾರೆ, ಕಾರು ವಾರವಿಡೀ ಮನೆ ಮುಂದೆ ನಿಂತಿರುತ್ತದೆ. ಹೋಸ್ ಕ್ಲಿಪ್ಪಿನಿಂದ ಜಿನುಗುವ ಹನಿಗಳ ಲೆಕ್ಕ ಭಾನುವಾರವೇ ಗೊತ್ತಾಗುವುದು. ಎರಡನೆಯದು ನೀರು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯಲ್ಲಿ ಕೈಗೆ ಸಿಗುವುದು ಆಳದ ಬೋರ್‌ವೆಲ್‌ನ ಗಡಸು ನೀರು. ಅದೇ ರೇಡಿಯೇಟರಿಗೂ ಹೋಗುತ್ತದೆ. ಮೂರನೆಯದು ಹಳೆಯ ಚಿನ್ನದ ಗಣಿಗಳ ತ್ಯಾಜ್ಯದ ರಾಶಿಗಳಾದ ಸೈನೈಡ್ ದಿಬ್ಬಗಳ ದೂಳು. ಗಾಳಿ ಬೀಸುವ ತಿಂಗಳುಗಳಲ್ಲಿ ಆ ನುಣುಪು ಪುಡಿ ರೇಡಿಯೇಟರಿನ ರೆಕ್ಕೆಗಳ ನಡುವೆ ಹೋಗಿ ಕೂರುತ್ತದೆ.

ಶಾಖವನ್ನು ಹೊರಹಾಕದೆ ಯಂತ್ರವೂ ನಡೆಯದು, ಮನುಷ್ಯನೂ ದುಡಿಯಲಾರ ಎಂಬುದು ಕೆ.ಜಿ.ಎಫ್.ಗೆ ಹೊಸದಲ್ಲ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ಊದದೆ ಅಲ್ಲಿ ಕೆಲಸ ಸಾಗುತ್ತಿರಲಿಲ್ಲ. ಬಾನೆಟ್ ಕೆಳಗೆ ನಡೆಯುವುದೂ ಅದೇ ಶಾಖದ ಲೆಕ್ಕಾಚಾರ. ಈ ಸದ್ದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಿ ಎನ್ನುವುದಕ್ಕೆ ಕಾರಣ ಒಂದೇ: ಎಷ್ಟೋ ಸಲ ಮುಳ್ಳು ಮೇಲೇರುವುದಕ್ಕೆ ವಾರಗಟ್ಟಲೆ ಮೊದಲೇ ಸದ್ದು ಶುರುವಾಗಿರುತ್ತದೆ. ಆಗ ಕೈಹಾಕಿದರೆ ಒಂದು ಕ್ಲಿಪ್ಪು, ಒಂದು ಮುಚ್ಚಳದಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಸದ್ದು ಹುಟ್ಟುವುದು ಹೇಗೆ?

ಡ್ಯಾಶ್‌ಬೋರ್ಡ್ ಹಿಂದೆ ಇಂಥ ಸದ್ದು ಮಾಡಬಲ್ಲ ಮೂರು ಬೇರೆ ಬೇರೆ ದ್ರವಗಳಿವೆ. ಎಂಜಿನ್ ತಂಪು ಮಾಡುವ ಕೂಲೆಂಟ್, ಎ.ಸಿ. ಪೈಪಿನೊಳಗಿನ ಗ್ಯಾಸ್, ಎ.ಸಿ.ಯ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ಕೂಡಿ ಇಳಿಯುವ ಬರಿ ನೀರು. ಇವು ಒಂದಕ್ಕೊಂದು ಬೆರೆಯುವುದೇ ಇಲ್ಲ. ಆದರೆ ಮೂರೂ ಹತ್ತಿರ ಬರುವ ಜಾಗ ಒಂದಿದೆ, ಅದು ಗ್ಲವ್ ಬಾಕ್ಸ್ ಹಿಂದಿನ ಪೆಟ್ಟಿಗೆ. ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್, ಕೂಲಿಂಗ್ ಕಾಯಿಲ್, ನೀರಿಳಿಯುವ ತಟ್ಟೆ ಎಲ್ಲವೂ ಅದರೊಳಗೇ. ಅದಕ್ಕೇ ಕೂಲೆಂಟಿನ ಸದ್ದನ್ನು ಎ.ಸಿ.ಯದೆಂದು ತಿಳಿದು ಗ್ಯಾಸ್ ಹಾಕಿಸಿ ಬರುವವರು ಇಷ್ಟೊಂದು ಜನ.

ತುಂಬಿದ ಪೈಪಿನಲ್ಲಿ ನೀರು ಸದ್ದಿಲ್ಲದೆ ಹರಿಯುತ್ತದೆ. ಗಾಳಿ ಸೇರಿದರೆ ಮಾತ್ರ ಗುಳುಗುಳು. ಹೀಟರ್ ಕೋರ್ ಬಹುತೇಕ ಕಾರುಗಳಲ್ಲಿ ಎತ್ತರದ ಜಾಗದಲ್ಲಿರುವುದರಿಂದ ಒಳಸೇರಿದ ಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ನೀವು ಹೀಟರ್ ಹಾಕದಿದ್ದರೂ ಅನೇಕ ಕಾರುಗಳಲ್ಲಿ ಕೂಲೆಂಟ್ ಆ ಕೋರಿನೊಳಗೆ ಸುತ್ತುತ್ತಲೇ ಇರುತ್ತದೆ. ಬಿಸಿಗಾಳಿ ಬಾರದಂತೆ ತಡೆಯುವುದು ಗಾಳಿಯ ದಾರಿಯಲ್ಲಿರುವ ಒಂದು ಪುಟ್ಟ ಬಾಗಿಲು ಮಾತ್ರ. ಹೀಟರ್ ಮುಟ್ಟದವರಿಗೂ ಸದ್ದು ಕೇಳಿಸುವುದು ಇದಕ್ಕೇ.

ಇನ್ನು ಒತ್ತಡ. ನಮ್ಮ ಊರುಗಳಿರುವುದು ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಹತ್ತಿರ, ಹಾಗಾಗಿ ಉಳಿಯುವ ಅಂತರ ಬಹಳ ಕಡಿಮೆ. ರೇಡಿಯೇಟರ್ ಮುಚ್ಚಳವು ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು 120 ಡಿಗ್ರಿಯವರೆಗೆ ಏರಿಸುತ್ತದೆ, ಸರಿಯಾದ ಕೂಲೆಂಟ್ ಇದ್ದರೆ ಅದಕ್ಕೂ ಮೇಲೆ. ಆ ಮುಚ್ಚಳದ ರಬ್ಬರ್ ಬಿರಿದರೆ ಎಂಜಿನ್ ಸರಿಯಿದ್ದೂ ನೀರು ಕುದಿಯುತ್ತದೆ.

ಮೊದಲು ಮೂರು ಪರೀಕ್ಷೆ

ಇವಕ್ಕೆ ಯಾವ ಉಪಕರಣವೂ ಬೇಡ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯಲ್ಲಿ, ಬೆಳಿಗ್ಗೆ ಮಾಡಿ.

1. ಎ.ಸಿ., ಬ್ಲೋವರ್, ರೇಡಿಯೋ ಎಲ್ಲ ಆಫ್ ಮಾಡಿ, ಕಿಟಕಿ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿ 2000 ಆರ್.ಪಿ.ಎಂ. ದಾಟಿಸಿ, ಬಿಡಿ. ಸದ್ದು ಎಂಜಿನ್ ವೇಗದ ಜತೆಗೇ ಏರಿ ಇಳಿದರೆ ಅದು ಕೂಲೆಂಟಿನದು. ಇಲ್ಲಿ ಎ.ಸಿ.ಗೆ ಸಂಬಂಧವೇ ಇಲ್ಲ.

2. ಈಗ ಎ.ಸಿ. ಹಾಕಿ ಹತ್ತು ನಿಮಿಷ ಬಿಡಿ. ಆಗ ಮಾತ್ರ ಸುಂಯ್ ಅಥವಾ ಬುಳುಬುಳು ಕೇಳಿಸಿದರೆ, ಎ.ಸಿ. ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ನಿಂತರೆ, ಅದು ಗ್ಯಾಸಿನ ಹರಿವು.

3. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ಮೆಲ್ಲಗೆ ಬ್ರೇಕ್ ಒತ್ತಿ, ತಿರುವು ತೆಗೆದುಕೊಳ್ಳಿ. ಆಗಷ್ಟೇ ನೀರು ಕುಲುಕಿದಂತೆ ಕೇಳಿಸಿದರೆ ಎಲ್ಲೋ ನೀರು ನಿಂತಿದೆ. ಮುಂದಿನಿಂದ ಬಂದರೆ ಎ.ಸಿ. ತಟ್ಟೆ, ಬಾಗಿಲಿನಿಂದ ಬಂದರೆ ಬಾಗಿಲಿನ ತಳದ ತೂತು ಕಟ್ಟಿಕೊಂಡಿದೆ. ಹಿಂಬದಿಯಿಂದ ಬಂದರೆ ಅರ್ಧ ತುಂಬಿದ ಪೆಟ್ರೋಲ್ ಟ್ಯಾಂಕ್, ಅದಕ್ಕೆ ಏನೂ ಮಾಡಬೇಕಿಲ್ಲ.

ಗುಳುಗುಳು ಎಂದರೆ ಕೂಲೆಂಟ್ ನೋಡಿ

ಮೊದಲ ಪರೀಕ್ಷೆಯಲ್ಲಿ ಸದ್ದು ಬಂದಿದ್ದರೆ ಗಾಳಿ ಒಳಗೆ ಸೇರಿದೆ. ಕೂಲೆಂಟ್ ಕಡಿಮೆಯಾಗಿರಬೇಕು, ಇಲ್ಲವೇ ಈಚೆಗೆ ಕೂಲೆಂಟ್ ಬದಲಿಸಿದವರು ಏರ್ ತೆಗೆಯದೆ ಬಿಟ್ಟಿರಬೇಕು.

ಇಲ್ಲೊಂದು ಮೋಸವಿದೆ. ಬಹಳ ಜನ ಬಾನೆಟ್ ತೆಗೆದು ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲೆಂಟ್ ಗೆರೆ ಮುಟ್ಟಿದೆ ಎಂದು ನೋಡಿ ಸಮಾಧಾನಪಡುತ್ತಾರೆ. ರೇಡಿಯೇಟರಿನ ಮೇಲೆಯೇ ಲೋಹದ ಮುಚ್ಚಳವಿರುವ ಗಾಡಿಗಳಲ್ಲಿ ಬಾಟಲಿ ತುಂಬಿದ್ದರೂ ರೇಡಿಯೇಟರ್ ಒಳಗೆ ಖಾಲಿ ಇರಬಹುದು. ಎಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಮುಚ್ಚಳದ ಕವಾಟ ದಾಟಿ ಬಾಟಲಿಗೆ ಹೋಗುತ್ತದೆ. ತಣಿದಾಗ ಮುಚ್ಚಳದ ನಡುವಿನ ಇನ್ನೊಂದು ಸಣ್ಣ ಕವಾಟ ತೆರೆದು, ಅದನ್ನು ಬಾಟಲಿಯಿಂದ ವಾಪಸು ಹೀರಿಕೊಳ್ಳಬೇಕು. ಆ ಕವಾಟ ಅಂಟಿಕೊಂಡಿದ್ದರೆ, ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪಿನಲ್ಲಿ ಬಿರುಕಿದ್ದರೆ, ಹೋದದ್ದು ಹೋಯಿತು, ವಾಪಸು ಬರುವುದಿಲ್ಲ. ಬಿರುಕಿನಿಂದ ಗಾಳಿಯೇ ಒಳಗೆ ಸೇರುತ್ತದೆ. ದಿನದಿನಕ್ಕೆ ಬಾಟಲಿ ತುಂಬುತ್ತ ಹೋಗುತ್ತದೆ, ರೇಡಿಯೇಟರ್ ಬರಿದಾಗುತ್ತ ಹೋಗುತ್ತದೆ.

ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಆ ಮುಚ್ಚಳ ತೆಗೆದು ಒಳಗೆ ನೋಡಿ. ಕೂಲೆಂಟ್ ಬಾಯಿಯವರೆಗೆ ಇರಬೇಕು. ಮುಚ್ಚಳವನ್ನು ತಿರುಗಿಸಿ ಹಿಡಿದು ಬೆಳಕಿಗೆ ಒಡ್ಡಿ. ಕೆಳಗಿನ ರಬ್ಬರ್ ಬಿಲ್ಲೆ ಮೆತ್ತಗೆ, ಅಂಚು ನುಣುಪಾಗಿರಬೇಕು. ಗಟ್ಟಿಯಾಗಿದ್ದರೆ, ಸುತ್ತ ಗುಂಡನೆಯ ಗುಳಿ ಬಿದ್ದಿದ್ದರೆ, ಸ್ಪ್ರಿಂಗ್ ಮೇಲೆ ಬಿಳಿ ಉಪ್ಪೋ ತುಕ್ಕೋ ಹಿಡಿದಿದ್ದರೆ ಬದಲಿಸಿ. ನಡುವಿನ ಪುಟ್ಟ ಹಿತ್ತಾಳೆ ಬಿಲ್ಲೆಯನ್ನು ಉಗುರಿನಿಂದ ಎಳೆದರೆ ಸಲೀಸಾಗಿ ಬಂದು, ಬಿಟ್ಟರೆ ವಾಪಸು ಕೂರಬೇಕು. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯನ್ನೇ ಕೇಳಿ ತನ್ನಿ, 0.9 ಇದ್ದರೆ 0.9, 1.1 ಇದ್ದರೆ 1.1. ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದೆ ಬಾಟಲಿಗೇ ಗಟ್ಟಿ ತಿರುಪು ಮುಚ್ಚಳವಿರುವ ಗಾಡಿಗಳಲ್ಲಿ ಈ ಮೋಸವಿಲ್ಲ. ಅಲ್ಲಿ ಬಾಟಲಿಯ ಮಟ್ಟವೇ ನಿಜವಾದ ಮಟ್ಟ.

ಏರ್ ತೆಗೆಯುವ ಕ್ರಮ

ನಿಮ್ಮ ಗಾಡಿಯ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಕೆಲವು ಗಾಡಿಗಳಲ್ಲಿ ಏರ್ ಬಿಡಲೆಂದೇ ಒಂದು ತಿರುಪು ಇರುತ್ತದೆ. ಸಾಮಾನ್ಯವಾಗಿ ಕ್ರಮ ಹೀಗೆ:

1. ತಣ್ಣಗಿರುವ ಗಾಡಿಯ ಮೂತಿ ಮೇಲಾಗುವಂತೆ ಸ್ವಲ್ಪ ಏರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಈಗ ರೇಡಿಯೇಟರಿನ ಬಾಯಿ ಎತ್ತರದಲ್ಲಿರುವುದರಿಂದ ಗಾಳಿ ಆ ಕಡೆಗೆ ಬರುತ್ತದೆ.

2. ಮುಚ್ಚಳ ತೆಗೆದು ಕೂಲೆಂಟನ್ನು ನಿಧಾನಕ್ಕೆ ತುಂಬಿ. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎ.ಸಿ. ಆಫ್ ಇರಲಿ.

3. ಎಂಜಿನ್ ಸ್ಟಾರ್ಟ್ ಮಾಡಿ ಹಾಗೇ ಓಡಲು ಬಿಡಿ. ಗುಳ್ಳೆಗಳು ಬಂದು ಮಟ್ಟ ಇಳಿಯುತ್ತದೆ, ಇಳಿದಷ್ಟು ತುಂಬಿ. ಮೇಲಿನ ದಪ್ಪ ಹೋಸನ್ನು ಎಂಜಿನ್ ಇನ್ನೂ ಬಿಸಿಯಾಗದಿರುವಾಗಲೇ ಆಗಾಗ ಅಮುಕಿ. ಒಳಗೆ ಸಿಕ್ಕಿದ ಗಾಳಿ ಹೊರಬರುತ್ತದೆ. ಕೈ, ತೋಳು, ದುಪಟ್ಟಾ ಯಾವುದೂ ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಹೋಗದಿರಲಿ.

4. ಎಂಜಿನ್ ಬಿಸಿಯೇರುತ್ತ ಬಾಯಿಯಲ್ಲಿ ಕೂಲೆಂಟ್ ಉಬ್ಬಲು ಶುರುವಾದಾಗ ಮುಚ್ಚಳ ಹಾಕಿ. ಆಮೇಲೆ ಎಂಜಿನ್ ಓಡಲಿ. ಥರ್ಮೋಸ್ಟಾಟ್ ತೆರೆದುಕೊಳ್ಳುವುದು ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ. ಅದು ತೆರೆದ ಗುರುತೆಂದರೆ ಮೇಲಿನ ಹೋಸ್ ಒಮ್ಮೆಗೇ ಬಿಸಿಯಾಗುತ್ತದೆ. ರೇಡಿಯೇಟರ್ ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಕಾಯಿರಿ.

5. ಈಗ ಬ್ಲೋವರ್ ಹಾಕಿ ನೋಡಿ. ಬಿಸಿಗಾಳಿ ಚೆನ್ನಾಗಿ ಬಂದರೆ ಕೋರಿಗೆ ಕೂಲೆಂಟ್ ತಲುಪಿದೆ. ಎಂಜಿನ್ ಬಿಸಿಯಿದ್ದೂ ಗಾಳಿ ತಣ್ಣಗೇ ಬಂದರೆ ಅಲ್ಲಿ ಇನ್ನೂ ಗಾಳಿ ಕಟ್ಟಿಕೊಂಡಿದೆ.

6. ಗಾಡಿ ಪೂರ್ತಿ ತಣಿದ ಮೇಲೆ ಮಟ್ಟ ಮತ್ತೆ ನೋಡಿ ತುಂಬಿ. ನಾಲ್ಕು ದಿನ ಓಡಿಸಿ ಇನ್ನೊಮ್ಮೆ ನೋಡಿ. ಮತ್ತೆ ಇಳಿದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ವಾರಕ್ಕೊಮ್ಮೆ ತುಂಬುತ್ತ ಕಾಲ ತಳ್ಳಬೇಡಿ.

ಸೋರಿಕೆ ಹುಡುಕುವಾಗ ಹೋಸ್ ತುದಿಗಳು, ವಾಟರ್ ಪಂಪಿನ ಕೆಳಭಾಗ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಕೂಡುವ ಅಂಚು ನೋಡಿ. ಒಣಗಿದ ಕೂಲೆಂಟ್ ಹಸಿರೋ ಕೆಂಪೋ ಕಲೆ ಬಿಟ್ಟಿರುತ್ತದೆ. ಮುಂದಿನ ಪ್ರಯಾಣಿಕರ ಕಾಲಡಿಯ ಮ್ಯಾಟ್ ಒದ್ದೆಯಾಗಿ ಜಿಗುಟಾಗಿದ್ದರೆ, ಸಿಹಿ ವಾಸನೆ ಬಂದರೆ, ಒಳಗಿನ ಗಾಜು ಮಂಜುಗಟ್ಟಿದರೆ ಹೀಟರ್ ಕೋರೇ ಸೋರುತ್ತಿದೆ.

ಕುದಿಯುವ ಸದ್ದು

ಗಾಡಿ ಆಫ್ ಮಾಡಿದ ಮೇಲೆ ಬಾನೆಟ್ ಕೆಳಗೆ ಬುಳಬುಳ ಕೇಳಿಸಿದರೆ ಮುಚ್ಚಳವನ್ನು ಅನುಮಾನಿಸಿ. ಪಂಪ್ ನಿಂತ ಮೇಲೂ ಎಂಜಿನ್ ಲೋಹದ ಬಿಸಿ ನೀರಿಗೆ ಇಳಿಯುತ್ತಲೇ ಇರುತ್ತದೆ, ಒತ್ತಡ ಹಿಡಿದಿಡಲಾರದ ಮುಚ್ಚಳವಿದ್ದರೆ ಆಗಲೇ ಕುದಿ ಬರುತ್ತದೆ. ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನಕ್ಕೆ ಶಿವರಾತ್ರಿಯ ದಿನ ಗಾಡಿಗಳ ಸಾಲಿನಲ್ಲಿ ತೆವಳಿಕೊಂಡು ಹೋಗಿ ನಿಲ್ಲಿಸಿದಾಗ ಇದು ಎದ್ದು ಕಾಣುವುದು. ಸಾಲಿನಲ್ಲಿ ಎದುರುಗಾಳಿ ಇಲ್ಲ, ಎಲ್ಲವೂ ಫ್ಯಾನಿನ ಮೇಲೆ ನಿಂತಿರುತ್ತದೆ.

ಗಾಡಿ ಓಡುವಾಗಲೇ ಎಂಜಿನ್ ಒಳಗೆ, ಸ್ನಾನದ ಹಂಡೆ ಕಾಯಲು ಶುರುವಾದಾಗ ಬರುವಂಥ ಕೊರಕೊರ ಸದ್ದು ಬಂದರೆ ಅದು ಗಡಸು ನೀರಿನ ಫಲ. ವರ್ಷಗಟ್ಟಲೆ ಬೋರ್ ನೀರು ಕುಡಿದ ಎಂಜಿನ್ ಒಳಗೋಡೆಗೆ ಸುಣ್ಣದ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ಸರಾಗ ಬಿಡುವುದಿಲ್ಲ, ಲೋಹ ಅಲ್ಲಲ್ಲೇ ವಿಪರೀತ ಕಾಯ್ದು ಅಲ್ಲಿನ ನೀರು ಆವಿಯಾಗುತ್ತದೆ. ಮುಳ್ಳು ಇದನ್ನು ತೋರಿಸದೇ ಇರಬಹುದು. ಹೆದ್ದಾರಿಯಲ್ಲಿ, ಅದರಲ್ಲೂ ಬೇತಮಂಗಲದ ಕಡೆ ಬಂದಿರುವ ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ಸಮನೆ ವೇಗವಾಗಿ ಹೋದಾಗ ದೌರ್ಬಲ್ಯ ಹೊರಬೀಳುತ್ತದೆ. ಇದಕ್ಕೆ ಪೂರ್ತಿ ಫ್ಲಶ್ ಮಾಡಿಸಬೇಕು. ಹಳೆಯ ರೇಡಿಯೇಟರ್ ಆದರೆ, ಫ್ಲಶ್ ಮಾಡಿದಾಗ ಸುಣ್ಣ ಮುಚ್ಚಿಟ್ಟಿದ್ದ ತೂತು ಬಾಯಿಬಿಡುವ ಸಾಧ್ಯತೆಯೂ ಇದೆ ಎಂದು ತಿಳಿದೇ ಮಾಡಿಸಿ.

ಯಾವ ನೀರು ಹಾಕಬೇಕು ಎಂದರೆ, ರೆಡಿಮಿಕ್ಸ್ ಕೂಲೆಂಟ್ ಆದರೆ ನೀರೇ ಬೇಡ. ಗಟ್ಟಿ ಕೂಲೆಂಟಿಗೆ ಡಬ್ಬದ ಮೇಲಿನ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ದಾರಿಯಲ್ಲಿ ತುರ್ತಿಗೆ ಆಗಬಹುದು, ಬೋರ್ ನೀರಿಗಿಂತ ಎಷ್ಟೋ ವಾಸಿ. ಊರು ತಲುಪಿದ ಮೇಲೆ ಅದನ್ನು ಹೊರಹರಿಸಿ ಕೂಲೆಂಟ್ ತುಂಬಿಸಿ.

ಕೊನೆಯದು, ಮತ್ತು ಕೆಟ್ಟದ್ದು. ಏರ್ ಎಷ್ಟು ತೆಗೆದರೂ ಮತ್ತೆ ಗುಳ್ಳೆ ಬರುತ್ತಲೇ ಇದ್ದರೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಸಿಲಿಂಡರಿನೊಳಗಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿರುತ್ತದೆ. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿರುವುದು ಜತೆಯ ಲಕ್ಷಣಗಳು, ಆದರೆ ಇವು ತಡವಾಗಿಯೂ ಬರಬಹುದು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆದು ನೋಡುವ ಪರೀಕ್ಷೆಯಿದೆ, ಹೊಗೆ ಸೇರಿದ್ದರೆ ಆ ದ್ರಾವಣ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಲು ಒಪ್ಪುವ ಮೊದಲು ಈ ಪರೀಕ್ಷೆ ಮಾಡಿಸಿ ಎಂದು ಕೇಳಿ. ಇದು ಖಚಿತವಾಗುವವರೆಗೆ ಗಾಡಿ ಓಡಿಸಬೇಡಿ.

ಎ.ಸಿ.ಯ ಸುಂಯ್

ಎ.ಸಿ. ಆಫ್ ಮಾಡಿದ ಮೇಲೆ ಅಥವಾ ಗಾಡಿ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಸುಂಯ್ ಎನ್ನುವುದು ಸಹಜ. ಎ.ಸಿ. ಓಡುವಾಗ ಒಂದು ಬದಿಯಲ್ಲಿ 2ರಿಂದ 3 ಬಾರ್, ಇನ್ನೊಂದು ಬದಿಯಲ್ಲಿ 15 ಬಾರ್ ಆಸುಪಾಸು ಒತ್ತಡವಿರುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಂಡಿಯಿಂದ ಎರಡೂ ಸಮವಾಗುತ್ತವೆ. ಆ ಸದ್ದಿಗೆ ದುಡ್ಡು ಖರ್ಚು ಮಾಡಬೇಡಿ.

ಎ.ಸಿ. ಓಡುವಾಗ ಸುಂಯ್ ನಿಲ್ಲದೆ ಬರುತ್ತ, ತಂಪೂ ಕುಗ್ಗಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು. ವಾಲ್ವಿಗೆ ಪೂರ್ತಿ ದ್ರವವಾಗಿ ಬರಬೇಕಾದದ್ದು ಗುಳ್ಳೆ ಬೆರೆತು ಬರುತ್ತದೆ, ಸದ್ದು ಅದರದೇ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ವರ್ಷ ವರ್ಷ ಹಾಕಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕಿಸಿ, ವ್ಯಾಕ್ಯೂಮ್ ಮಾಡಿಸಿ, ಆಮೇಲೆ ತೂಕ ಹಾಕಿ ತುಂಬಿಸಿ. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲೇ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದು ಆರ್ 134ಎ. ಅಗ್ಗಕ್ಕೆ ಸಿಗುತ್ತದೆಂದು ಎಲ್‌ಪಿಜಿ ಜಾತಿಯ ಗ್ಯಾಸ್ ತುಂಬಿಸಿಕೊಳ್ಳಬೇಡಿ. ಅದು ಹೊತ್ತಿಕೊಳ್ಳುತ್ತದೆ, ಸೋರುವ ಜಾಗ ನಿಮ್ಮ ಮಕ್ಕಳು ಕೂರುವ ಕ್ಯಾಬಿನ್ ಆಗಿರಬಹುದು.

ತಂಪು ಕುಗ್ಗಲು ದೂಳು ಕೂತ ಕಂಡೆನ್ಸರ್ ಕೂಡ ಕಾರಣವಿರಬಹುದು, ಹಾಗಾಗಿ ಗ್ಯಾಸ್ ಹಾಕಿಸುವ ಮೊದಲು ರೇಡಿಯೇಟರಿನ ಮುಂದಿರುವ ಅದನ್ನು ಒಮ್ಮೆ ನೋಡಿ. ಸೈನೈಡ್ ದಿಬ್ಬಗಳ ಹತ್ತಿರ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ನಿಲ್ಲುವ ಗಾಡಿಗಳಲ್ಲಿ ರೆಕ್ಕೆಗಳೇ ಕಾಣದಷ್ಟು ದೂಳು ಕೂತಿರುವುದುಂಟು. ತಣ್ಣಗಿರುವಾಗ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರು ಪ್ರೆಷರ್ ವಾಷ್ ಹೊಡೆಸಿದರೆ ರೆಕ್ಕೆ ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಕುಲುಕುವ ನೀರು ಎ.ಸಿ. ತಟ್ಟೆಯದಾದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ಹತ್ತು ನಿಮಿಷ ಎ.ಸಿ. ಓಡಿದರೆ ಎಡಬದಿಯ ಅಡಿಯಿಂದ ನೀರು ತೊಟ್ಟಿಕ್ಕಲೇಬೇಕು. ಏಪ್ರಿಲ್‌ನ ಒಣಹವೆಯಲ್ಲಿ ಹೆಚ್ಚು ನೀರು ಬಾರದಿದ್ದರೆ ಅದೇ ದೋಷವೆಂದು ತಿಳಿಯಬೇಡಿ. ಪೈಪಿನೊಳಗೆ ಕಂಬಿ ತೂರಿಸದೆ ಗ್ಯಾರೇಜಿನಲ್ಲಿ ಗಾಳಿ ಊದಿಸಿ.

ಎಚ್ಚರಿಕೆ

ಬಿಸಿ ಎಂಜಿನ್ನಿನ ಮುಚ್ಚಳ ಬಟ್ಟೆ ಸುತ್ತಿಯೂ ತೆಗೆಯಬಾರದು. ಒತ್ತಡ ಇಳಿದ ಕ್ಷಣವೇ ಒಳಗಿನದೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ಕಾಯ್ದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕುಬಿಡಬಹುದು. ಫ್ಯಾನ್ ಇಗ್ನಿಷನ್ ಆಫ್ ಇದ್ದಾಗಲೂ ತಿರುಗಬಹುದು. ಕೂಲೆಂಟಿನ ಗ್ಲೈಕಾಲ್ ಸಿಹಿಯಾಗಿರುವ ವಿಷ, ಚೆಲ್ಲಿದ್ದನ್ನು ನಾಯಿಗಳು ನೆಕ್ಕಿ ಸಾಯುತ್ತವೆ. ನೀರು ಬಿಟ್ಟು ತೊಳೆಯಿರಿ, ಮಕ್ಕಳ ಕೈಗೆ ಡಬ್ಬ ಸಿಗದಂತಿಡಿ. ಎ.ಸಿ. ಪೈಪನ್ನು ಮನೆಯಲ್ಲಿ ಬಿಚ್ಚಲೇಬೇಡಿ, ಚಿಮ್ಮುವ ಗ್ಯಾಸ್ ಕಣ್ಣು, ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ.

ಸಾಮಾನ್ಯ ತಪ್ಪುಗಳು

ಬಣ್ಣ ನೋಡಿ ಕೂಲೆಂಟ್ ಬೆರೆಸುವುದು ಮೊದಲನೆಯದು. ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ, ಹೊಂದದ ಎರಡು ಜಾತಿ ಸೇರಿದರೆ ಗಟ್ಟಿ ಲೋಳೆಯಾಗಿ ಕೊಳವೆ ಕಟ್ಟುತ್ತದೆ. ಥರ್ಮೋಸ್ಟಾಟ್ ಕಿತ್ತು ಹಾಕಿಸುವುದು ಇನ್ನೊಂದು. "ನಮ್ಮ ಬಿಸಿಲೂರಿಗೆ ಅದು ಬೇಡ" ಎನ್ನುವವರ ಮಾತು ಕೇಳಬೇಡಿ, ಎಂಜಿನ್ ಸರಿಯಾದ ಬಿಸಿಗೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಸೋರಿಕೆಗೆ ಅರಿಶಿನವೋ ಪುಡಿಯೋ ಹಾಕುವುದು ಮೂರನೆಯದು. ಅದು ಸೋರುವ ತೂತಿಗಿಂತ ಮೊದಲು ಹೀಟರ್ ಕೋರನ್ನು ಮುಚ್ಚುತ್ತದೆ. ನಾಲ್ಕನೆಯದು ಮುಳ್ಳನ್ನೇ ನಂಬುವುದು. ಕೂಲೆಂಟ್ ಪೂರ್ತಿ ಹೋದರೆ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗೂ ಬೀಳಬಹುದು. ಓಡುತ್ತಿರುವ ಗಾಡಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಬದಿಗೆ ನಿಲ್ಲಿಸಿ.

ಗ್ಯಾರೇಜಿಗೆ ಹೋದಾಗ "ಏನೋ ಸದ್ದು ಬರುತ್ತೆ ಅಣ್ಣ" ಎಂದು ಬಿಟ್ಟುಬರಬೇಡಿ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಹೋಗಿ, ಅಲ್ಲಿ ತಲುಪುವ ಹೊತ್ತಿಗೆ ಅದು ನಿಂತಿರುತ್ತದೆ. ತಣ್ಣಗಿದ್ದಾಗಲೋ ಬಿಸಿಯಲ್ಲೋ, ಎ.ಸಿ. ಹಾಕಿದಾಗಲೋ ಆಫ್ ಇದ್ದಾಗಲೋ, ಎಷ್ಟು ದಿನಕ್ಕೆ ಕೂಲೆಂಟ್ ಎಷ್ಟು ಇಳಿಯಿತು ಎಂದು ಹೇಳಿ. ಸಾಧ್ಯವಾದರೆ ರಾತ್ರಿಯೇ ಗಾಡಿ ಅಲ್ಲಿ ಬಿಟ್ಟು, ಬೆಳಿಗ್ಗೆ ಮೊದಲ ಸ್ಟಾರ್ಟನ್ನು ಮೆಕ್ಯಾನಿಕ್ಕೇ ಮಾಡಲಿ.

ರೈಲಿನಲ್ಲಿ ಓಡಾಡುವವರು ವಾರದ ನಡುವೆ ಒಂದು ದಿನ, ಮನೆಯಲ್ಲಿ ಡ್ರೈವಿಂಗ್ ಗೊತ್ತಿರುವ ಯಾರಿಂದಲಾದರೂ ಗಾಡಿಯನ್ನು ಹತ್ತು ಹದಿನೈದು ನಿಮಿಷ ಎ.ಸಿ. ಹಾಕಿ ಓಡಿಸಿ. ಕಂಪ್ರೆಸರಿನ ಸೀಲ್ ಆಯಿಲ್ ಹಿಡಿದುಕೊಂಡು ಒಣಗದೆ ಉಳಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತೆಗೆದು ಕೂಲೆಂಟ್ ನೋಡಲು, ಬಗ್ಗಿ ಗಾಡಿಯ ಅಡಿಯ ನೆಲ ನೋಡಲು ಹೇಳಿ.